ಇಕ್ಕೇರಿಯ ಬಾಗಿಲಲ್ಲಿ ನಿಲ್ಲದ ರಕ್ತ

ಲಿಂಗನಮಕ್ಕಿ ಅಣೆಕಟ್ಟಿನಲ್ಲಿ ನೀರು ನಿಲ್ಲಿಸಿದ ವರ್ಷ ನನ್ನ ಎಡಗಾಲಿನಲ್ಲಿ ರಕ್ತ ನಿಂತಿತು. ಟೈಫಾಯ್ಡ್ ಬಂದು ಇಪ್ಪತ್ತು ದಿನ ಮಲಗಿ ಎದ್ದಾಗ ಕಾಲು ಬಾಳೆದಿಂಡಿನಂತೆ ಊದಿತ್ತು. ಸಾಗರದ ಮಾಧ್ಯಮಿಕ ಶಾಲೆಯ ಕನ್ನಡ ಪಂಡಿತನಾದ ನಾನು ಇದು ಉಳುಕೆಂದು ತೀರ್ಪು ಕೊಟ್ಟು ಎಣ್ಣೆ ತಿಕ್ಕಿಸಿಕೊಂಡೆ. ಶಿವಮೊಗ್ಗದ ಡಾಕ್ಟರು ಇದನ್ನು ಕೇಳಿ ಕನ್ನಡಕ ತೆಗೆದು ನನ್ನನ್ನು ನೋಡಿದರು.

"ಇನ್ನೊಂದ್ಸಲ ತಿಕ್ಕಿಸ್ಕೊಂಡ್ರೆ ಸ್ವರ್ಗಕ್ಕೆ ನೇರ ಬಸ್ಸು, ಪಂಡಿತ್ರೇ. ಒಳಗೆ ರಕ್ತ ಹೆಪ್ಪುಗಟ್ಟಿದೆ. ಅದರ ಚೂರು ಕಿತ್ಕೊಂಡು ಶ್ವಾಸಕೋಶಕ್ಕೆ ಹೋದ್ರೆ ಮುಗೀತು."

ಮೊದಲು ಕೆಲವು ದಿನ ಇಂಜೆಕ್ಷನ್. ಅದು ಕೂಡಲೇ ಕೆಲಸ ಮಾಡುತ್ತದಂತೆ. ಆಮೇಲೆ ಮಾತ್ರೆ, ಅದು ಹತ್ತಲು ಎರಡು ಮೂರು ದಿನ ಬೇಕು.

"ಇದು ಗಡ್ಡೆ ಕರಗಿಸ್ತದಾ?" ಎಂದೆ.

"ಕರಗಿಸೋದು ನಿಮ್ಮ ಮೈ. ಇದು ಇನ್ನಷ್ಟು ಕಟ್ಟದ ಹಾಗೆ ತಡೀತದೆ, ಅಷ್ಟೆ. ಆದ್ರೆ ಹೆಚ್ಚಾದ್ರೆ ಹರಿಯೋ ರಕ್ತ ನಿಲ್ಲೋದಿಲ್ಲ. ಹದಿನೈದು ದಿನಕ್ಕೊಮ್ಮೆ ಬಂದು ರಕ್ತ ಪರೀಕ್ಷೆ ಮಾಡಿಸ್ಬೇಕು. ನನ್ನ ಕೇಳದೆ ಬೇರೆ ಯಾವ ಔಷಧಾನೂ ಬೇಡ."

ಕಟ್ಟಿದರೂ ಸಾವು, ಹರಿದರೂ ಸಾವು. ಮನೆಗೆ ಬಂದ ಮೇಲೆ ಕೆಮ್ಮು ಬಂದರೆ ಗಡ್ಡೆ ಪ್ರಯಾಣ ಹೊರಟಿತೆಂದು ಎದೆ ಹಿಡಿದು ಕೂರುತ್ತಿದ್ದೆ. ಗಡ್ಡ ಹೆರೆಯಲು ಎತ್ತಿದ ಕತ್ತಿಯನ್ನು ಹಾಗೇ ಕೆಳಗಿಡುತ್ತಿದ್ದೆ. ಕಾಲಿನ ಊತ ಇಳಿದು ನಡೆಯಲು ಅಪ್ಪಣೆ ಸಿಕ್ಕ ದಿನ, ಶ್ರಾವಣದ ಸೋಮವಾರಗಳಲ್ಲಿ ಇಕ್ಕೇರಿಯ ಅಘೋರೇಶ್ವರನಿಗೆ ಬರಿಗಾಲಲ್ಲಿ ನಡೆದು ಬರುವೆನೆಂದು ಹರಕೆ ಹೊತ್ತೆ.

ನಡೆದು ನಡೆದು ಮಂಡಿ ನೋಯಿತು. ಅಂಗಡಿಯ ನೋವಿನ ಮಾತ್ರೆ ದಿನಕ್ಕೆರಡು ನುಂಗಿದೆ. ಅಂಗಡಿಯಲ್ಲಿ ಬೆಲ್ಲದ ಪಕ್ಕದಲ್ಲಿ ಕೂತಿರುವ ವಸ್ತುವನ್ನು ಔಷಧವೆಂದು ಪರಿಗಣಿಸಬೇಕೆಂದು ನನ್ನ ಪಾಂಡಿತ್ಯಕ್ಕೆ ಹೊಳೆಯಲಿಲ್ಲ. ಮಳೆಗೆ ಬಸ್ಸು ತಪ್ಪಿ ಶಿವಮೊಗ್ಗದ ಪರೀಕ್ಷೆಯೂ ತಪ್ಪಿತು. ಬರೆಯಲು ನಾಚಿಕೆ, ಆದರೂ ಇದನ್ನು ಓದುವ ಭಕ್ತರಿಗೆ ಸುಳ್ಳು ಹೇಳಬಾರದು: ನಾಲ್ಕು ದಿನದಿಂದ ಬಹಿರ್ದೆಸೆ ಟಾರಿನಂತೆ ಕಪ್ಪಗೆ ಆಗುತ್ತಿತ್ತು. ಹೆಂಡತಿ ಸಾವಿತ್ರಿಗೂ ಹೇಳಲಿಲ್ಲ. ಹೇಳಿದರೆ ನಿಜವಾಗಿಬಿಡುತ್ತದೆ ಎಂಬ ಭಯ.

ಮೂರನೆಯ ಸೋಮವಾರ ಅವಳೂ ಜೊತೆಗೆ ಬಂದಳು. ದಾರಿಯಲ್ಲಿ ನನ್ನ ಹಿಮ್ಮಡಿಯ ಮೇಲೆ ಉಂಬಳ, ಮಳೆಗಾಲದ ಕಾಡುಜಿಗಣೆ, ಹತ್ತಿ ಹೊಟ್ಟೆ ತುಂಬಾ ಕುಡಿದು ಬಿದ್ದುಹೋಗಿತ್ತು. ದೇವಸ್ಥಾನದ ಬಾಗಿಲಲ್ಲಿ ಭಟ್ಟರು ಕೈ ಅಡ್ಡ ಹಿಡಿದರು.

"ಪಂಡಿತ್ರೇ, ರಕ್ತ ಸುರೀತಾ ಇದೆ. ಹೀಗೆ ಒಳಗೆ ಬರಬಾರದು. ಸುಣ್ಣ ಹಚ್ಚಿ ಕೂತ್ಕೊಳ್ಳಿ, ನಿಂತ ಮೇಲೆ ಬನ್ನಿ."

ಕೂತೆ. ಸುಣ್ಣ ಹಚ್ಚಿದೆ, ಸುಣ್ಣ ಕೆಂಪಾಯಿತು. ಬಟ್ಟೆ ಕಟ್ಟಿದೆ, ಬಟ್ಟೆ ತೊಯ್ದಿತು.

"ಉಂಬಳ ಕಚ್ಚಿ ಸತ್ತೋರು ಯಾರೂ ಇಲ್ಲ ಮಾರಾಯ್ರೇ, ಮುಖ ಯಾಕೆ ಹಂಗೆ ಮಾಡ್ತೀರಿ?" ಎಂದಳು ಸಾವಿತ್ರಿ.

ಒಳಗೆ ಮಂಗಳಾರತಿಯ ಗಂಟೆ ಮೊಳಗಿತು. "ಈ ರಕ್ತ ನಿಲ್ಲಿಸು ತಂದೆ, ಒಂದು ಸಲ ನಿನ್ನ ಮುಖ ನೋಡಿ ಹೋಗ್ತೀನಿ" ಎಂದು ಬೇಡಿದೆ. ನಿಲ್ಲಲಿಲ್ಲ. ಎರಡು ಗಂಟೆ ಕಳೆಯಿತು. ಕಲ್ಲಿನ ಮೇಲೆ ಇಳಿಯುತ್ತಿದ್ದ ಕೆಂಪು ಗೆರೆ ಮಳೆನೀರಿನಲ್ಲಿ ಸೇರಿ ಮೆಟ್ಟಿಲು ದಾಟಿತು. ಕಿವಿಯಲ್ಲಿ ಗುಂಯ್ ಎಂದಿತು. ದೇವರೂ ಕೈಬಿಟ್ಟನೆಂದು ಅತ್ತೆ.

ಸಾವಿತ್ರಿ ನನ್ನ ಕಣ್ಣಿನ ರೆಪ್ಪೆ ಎಳೆದು ನೋಡಿದಳು. ಅವಳ ದನಿ ಬದಲಾಯಿತು. "ಇಷ್ಟು ಬಿಳಿಚಿದೆ! ಮತ್ತೆಲ್ಲಾದ್ರೂ ರಕ್ತ ಹೋಗ್ತಿದ್ಯಾ? ನಿಜ ಹೇಳಿ."

ಕಪ್ಪಗೆ ಹೋಗುತ್ತಿದ್ದುದನ್ನು ಹೇಳಿದೆ. ಅವಳು ಹಣೆ ಬಡಿದುಕೊಂಡಳು. ಭಟ್ಟರು ಪೂಜೆಯ ಪಂಚೆಯಲ್ಲೇ ರಸ್ತೆಗೆ ಓಡಿ ಮರದ ನಾಟಾ ಹೊತ್ತ ಲಾರಿಯೊಂದನ್ನು ಅಡ್ಡಗಟ್ಟಿದರು.

ಸಾಗರದ ಆಸ್ಪತ್ರೆಯ ಡಾಕ್ಟರು ಎರಡೂ ಮಾತ್ರೆ ನಿಲ್ಲಿಸಿ ಕೆ ವಿಟಮಿನ್ ಚುಚ್ಚಿದರು. ನಮ್ಮ ಪಿತ್ತಜನಕಾಂಗ ಆ ವಿಟಮಿನ್ನಿನಿಂದಲೇ ರಕ್ತ ಹೆಪ್ಪುಗಟ್ಟುವ ಸಾಮಗ್ರಿ ಸಿದ್ಧಪಡಿಸುತ್ತದಂತೆ. ನನ್ನ ಮಾತ್ರೆ ಆ ಕೆಲಸಕ್ಕೆ ಅಡ್ಡ ನಿಂತಿತ್ತು. ಅದು ಸಾಲದೆಂದು ನೋವಿನ ಮಾತ್ರೆ ಹೊಟ್ಟೆಯೊಳಗೆ ಹುಣ್ಣು ಮಾಡಿತ್ತು.

"ಉಂಬಳದ ಎಂಜಲಲ್ಲೂ ರಕ್ತ ಕಟ್ಟದ ಹಾಗೆ ಮಾಡೋ ಗುಣ ಇದೆ. ಆದ್ರೆ ಇಷ್ಟು ಹರಿಯೋಲ್ಲ" ಎಂದರು. "ಕಾಲಿನದು ದೊಡ್ಡದಲ್ಲ. ಹೊಟ್ಟೆಯೊಳಗಿಂದು ಇನ್ನೆರಡು ದಿನ ಬಿಟ್ಟಿದ್ರೆ ಉಂಬಳಕ್ಕೆ ಕುಡಿಯೋಕೂ ನಿಮ್ಮಲ್ಲಿ ರಕ್ತ ಇರ್ತಿರ್ಲಿಲ್ಲ."

ಮರುದಿನ ಮಧ್ಯಾಹ್ನ ರಕ್ತ ನಿಂತಿತು. ಈಗ ಗಡ್ಡೆ ಕಟ್ಟೀತೆಂದು ಮತ್ತೆ ಹೆದರಿದೆ; ಕಟ್ಟಲಿಲ್ಲ.

ಕಾರ್ತಿಕದಲ್ಲಿ ಇಕ್ಕೇರಿಗೆ ಹೋದೆ. ಭಟ್ಟರು ನನ್ನ ಕಾಲು ನೋಡಿ ದಾರಿ ಬಿಟ್ಟರು. ಆ ಸೋಮವಾರ ನನ್ನ ಬೇಡಿಕೆ ಈಡೇರಿದ್ದರೆ ತೀರ್ಥ ಕುಡಿದು, ಮನೆಗೆ ಬಂದು, ಮಂಡಿಗೆ ಮತ್ತೊಂದು ಮಾತ್ರೆ ನುಂಗಿ, ಯಾರಿಗೂ ಹೇಳದೆ ಸಾಯುತ್ತಿದ್ದೆ. ಸ್ವಾಮಿ ನನ್ನ ಮಾತು ಕೇಳಲಿಲ್ಲ, ಬದುಕಿದ್ದೇನೆ. ಹೆದರಿಕೆ ಪೂರ್ತಿ ಹೋಗಿಲ್ಲ. ಆದರೆ ಈಗ ಅವನ ಮುಂದೆ ನಿಂತಾಗ ಅವನೇನು ಮಾಡಬೇಕೆಂದು ಹೇಳಿಕೊಡುವುದನ್ನು ಬಿಟ್ಟಿದ್ದೇನೆ. ಸುಮ್ಮನೆ ಕೈ ಮುಗಿಯುತ್ತೇನೆ.