ಅಕ್ಕನ ಟ್ರಂಕಿನ ತಾರುಗಳು

ಅಕ್ಕನ ಟ್ರಂಕು ತೆರೆದಾಗ ನುಸಿಗುಳಿಗೆಯ ವಾಸನೆ ಮೂಗಿಗೆ ಬಡಿಯಿತು. ಎರಡು ಇಳಕಲ್ ಸೀರೆಗಳ ಕೆಳಗೆ ದಾರ ಸುತ್ತಿದ ಹಳೆಯ ಟೆಲಿಗ್ರಾಮ್ ತಾರುಗಳ ಕಟ್ಟು. ಎಲ್ಲವೂ ಸಾವಿನ ಸುದ್ದಿಯವು.

"ಅವನ್ನ ಮದ್ಲ ಸುಟ್ಟಬಿಡ್ರಿ" ಎಂದಳು ಹೆಂಡತಿ. ಅಕ್ಕನ ದಿನಕರ್ಮ ಮುಗಿದು ವಾರವೂ ಆಗಿಲ್ಲ. ಈಗ ಮನೆಯೊಳಗೂ ಕನ್ನಡವೇ. ನನ್ನ ಜೊತೆ ಮರಾಠಿ ಆಡುತ್ತಿದ್ದವಳು ಅಕ್ಕನೊಬ್ಬಳೇ.

ನಿಮ್ಮೂರಲ್ಲಿ ಹೇಗಿತ್ತೋ, ಮೊರಬದಲ್ಲಿ ತಾರು ಬಂತೆಂದರೆ ಓದುವ ಮೊದಲೇ ಅಳು ಶುರು. ಅಳುತ್ತಲೇ ನಮ್ಮ ಕಟ್ಟೆಗೆ ಬರುತ್ತಿದ್ದರು, ಅಕ್ಕ ಇಂಗ್ಲಿಷ್ ಓದಿ ಹೇಳುತ್ತಿದ್ದಳು. ಸತ್ತ ಸುದ್ದಿಯ ಹಾಳೆಯನ್ನು ಯಾರೂ ಮನೆಗೆ ಒಯ್ಯುತ್ತಿರಲಿಲ್ಲ. ಅಪಶಕುನವೆಂದು ಅವಳ ಕೈಯಲ್ಲೇ ಬಿಟ್ಟು ಹೋಗುತ್ತಿದ್ದರು. ನಮ್ಮ ಮನೆಗೆ ಅಪಶಕುನ ತಟ್ಟುವುದಿಲ್ಲವೇನೋ! ಏಳನೇ ಇಯತ್ತೆಗೆ ಸಾಲಿ ಬಿಡಿಸಿದ ಮೇಲೆ ಅವಳು ಇಂಗ್ಲಿಷ್ ಕಲಿತದ್ದು ನನ್ನ ಪುಸ್ತಕಗಳಿಂದ. ಅವೇ ಪುಸ್ತಕ ಇಟ್ಟುಕೊಂಡು ನಾನು ಮ್ಯಾಟ್ರಿಕ್ಕಿನ ಇಂಗ್ಲಿಷಿನಲ್ಲಿ ಎರಡು ಸಲ ನಪಾಸಾದೆ.

ಎರಡನೇ ಸಲ ನಪಾಸಾದ ವರ್ಷ ಜನಗಣತಿಗೆ ಸಾಲಿ ಮಾಸ್ತರರು ಬಂದರು. ಮನೆಮಾತು ಮರಾಠಿ, ಹೊರಗೆ ಕನ್ನಡ ಎಂದು ಅಪ್ಪ ಬರೆಸಿದ. ಇಂಗ್ಲಿಷ್ ಯಾರಿಗೆ ಬರುತ್ತದೆಂದು ಕೇಳಿದಾಗ ನನ್ನ ಕಡೆ ಬೆರಳು ಮಾಡಿದ.

"ಮತ್ತ ಅಕ್ಕಾರಿಗ್ರಿ? ತಾರ ಓದೋರು ಅವ್ರಲ್ಲೇನ್ರಿ?" ಎಂದರು ಮಾಸ್ತರರು.

"ಹೆಣ್ಮಕ್ಕಳ ಓದು ಏನ್ ಬರಕೋತೀರಿ ಮಾಸ್ತರ? ನಾಳೆ ಬೀಗರು ಬಂದ್ರ, ಹುಡುಗಿ ಭಾಳ ಶ್ಯಾಣ್ಯಾಕಿ ಅಂತ ಎದ್ದ ಹೋಗ್ತಾರ."

ಮಾಸ್ತರರು ನಕ್ಕು ಅವಳ ಹೆಸರಿನ ಮುಂದೆ ಗೆರೆ ಎಳೆದರು. ಅಲ್ಲೇ ಜೋಳ ಕೇರುತ್ತಿದ್ದ ಅಕ್ಕ ತಲೆ ಎತ್ತಲಿಲ್ಲ. ನನ್ನನ್ನು ಹಂಗಿಸುವಾಗ ಮಾತ್ರ ಅವಳು ಕನ್ನಡಕ್ಕೆ ಇಳಿಯುತ್ತಿದ್ದಳು. "ಲೇ ಇಂಗ್ಲಿಷ್ ಸಾಹೇಬ, ಆ ಬುಟ್ಟಿ ಈ ಕಡೆ ಸರಸು" ಎಂದಳು.

ಆ ಗೆರೆ ನೆನೆದರೆ ಈಗಲೂ ಮೈ ಉರಿಯುತ್ತದೆ. ಅಪ್ಪನ ಮೇಲೆ, ಮಾಸ್ತರರ ಮೇಲೆ, ಬಾಯಿ ಮುಚ್ಚಿಕೊಂಡು ನಿಂತ ನನ್ನ ಮೇಲೆ. ಬೀಗರೇನೂ ಬರಲಿಲ್ಲ. ಸಾವು ಓದುವವಳನ್ನು ಸೊಸೆ ಮಾಡಿಕೊಳ್ಳಲು ಯಾರೂ ಒಪ್ಪಲಿಲ್ಲ. ತಾರು ಹಿಡಿದುಕೊಂಡು ಬರುವುದನ್ನು ಮಾತ್ರ ಒಬ್ಬರೂ ನಿಲ್ಲಿಸಲಿಲ್ಲ.

ಎರಡು ವರ್ಷದ ಮೇಲೆ ನಮಗೇ ತಾರು ಬಂತು, ಸೋದರಮಾವನ ಊರಾದ ಮೀರಜಿನಿಂದ. ಅಕ್ಕ ಓದಿ, ಮಾವನಿಗೆ ಆರಾಮಿಲ್ಲ, ಕೂಡಲೇ ಹೊರಡಬೇಕಂತೆ ಎಂದು ಅವ್ವನಿಗೆ ಮರಾಠಿಯಲ್ಲಿ ಹೇಳಿದಳು. ಅವ್ವ ನಂಬಲಿಲ್ಲ. ಹಾಳೆ ಕಸಿದು ನನ್ನ ಕೈಗಿಟ್ಟಳು. ಸರಕಾರದ ಲೆಕ್ಕದಲ್ಲಿ ಇಂಗ್ಲಿಷ್ ಬಲ್ಲವನು ನಾನಲ್ಲವೇ? ಅರ್ಥವಾಗದ ಅಕ್ಷರಗಳ ಮೇಲೆ ಕಣ್ಣಾಡಿಸಿ, ಹೌದೆಂದು ತಲೆಯಾಡಿಸಿದೆ. ಅವ್ವನ ಅಳು ನಿಂತಿತು.

ಹುಬ್ಬಳ್ಳಿ ಸ್ಟೇಶನ್ನಿನ ಹೊರಗೆ ಅವ್ವ ತನ್ನ ತಮ್ಮನಿಗೆಂದು ಮೋಸಂಬಿ ಕೊಂಡಳು. ಒಂದೊಂದನ್ನೂ ಕೈಯಲ್ಲಿ ತೂಗಿ ನೋಡಿ ರಸವಿದ್ದದ್ದನ್ನು ಆರಿಸಿಕೊಟ್ಟವಳು ಅಕ್ಕ. ನಾವು ಹೋಗಿ ಮುಟ್ಟಿದಾಗ ಮಾವ ಇರಲಿಲ್ಲ. ತಾರು ಕಳಿಸಿದ ಮೇಲೆ ಜೀವ ಹೋಯಿತೇನೋ ಅಂದುಕೊಂಡೆವು. ಆ ಅಳುವಿನಲ್ಲಿ ವಿಚಾರಿಸುವವರು ಯಾರು?

ಆ ತಾರೂ ಈ ಕಟ್ಟಿನಲ್ಲಿದೆ. ನಿನ್ನೆ ಬೆರಳಿಟ್ಟು ಒಂದೊಂದೇ ಅಕ್ಷರ ಕೂಡಿಸಿ ಓದಿದೆ. ತಾರು ಬರುವ ಹಿಂದಿನ ದಿನವೇ ಮಾವ ತೀರಿಕೊಂಡಿದ್ದ. ಆರಾಮಿಲ್ಲವೆಂಬ ಮಾತು ಅದರಲ್ಲಿ ಎಲ್ಲೂ ಇಲ್ಲ. ಮೀರಜಿನ ತನಕ ಮೋಸಂಬಿ ಚೀಲವನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತ ಅಕ್ಕನಿಗೆ ಅದು ಗೊತ್ತಿತ್ತು.

ಕಟ್ಟಿಗೆ ಮತ್ತೆ ದಾರ ಸುತ್ತಿ ಟ್ರಂಕಿನೊಳಗೆ ಇಟ್ಟೆ.

"ಇವನ್ನ ಸುಡಂಗಿಲ್ಲ" ಎಂದೆ ಹೆಂಡತಿಗೆ. "ಇದ್ರಾಗ ನಂದೂ ಒಂದು ಸುಳ್ಳು ಐತಿ."