ಹೂಂ ಅನ್ನುವ ತಮ್ಮ

ನಮ್ಮ ಬೀದಿಯ ಇಸ್ತ್ರಿ ಅಂಗಡಿ ಅಕ್ಕನ ಬಾಯಿಗೆ ಹೆದರದವರಿಲ್ಲ. ಪಕ್ಕದಲ್ಲೇ ಬಟ್ಟೆ ಹೊಲಿಯುವ ನಾನೂ ಹೆದರುತ್ತೇನೆ. ಕೋರ್ಟು ಹತ್ತಿರವಾದ್ದರಿಂದ ಅವಳ ಮೇಜಿನ ಮೇಲೆ ವಕೀಲರ ಕರಿ ಕೋಟುಗಳೇ ಹೆಚ್ಚು. ತಡವಾಯಿತೆಂದು ಗೊಣಗುವ ವಕೀಲರಿಗೆ, ನಿಮ್ಮ ಕೇಸಿಗಿಂತ ಬೇಗ ಮುಗಿಯುತ್ತೆ ಬಿಡಿ ಎನ್ನುತ್ತಾಳೆ.

ಅವಳಿಗಿರುವುದು ಒಬ್ಬನೇ ತಮ್ಮ. ಬೀಗ ರಿಪೇರಿ ಮಾಡುತ್ತಿದ್ದ, ಒಳ್ಳೆಯ ಕೈ. ಅಮ್ಮ ತೀರಿಕೊಂಡ ಮೇಲೆ ಅವನ ಮನಸ್ಸು ಕೆಟ್ಟಿತು. ಯಾರೂ ಇಲ್ಲದ ಕಡೆ ಯಾರೋ ಬೈಯುವುದು ಕೇಳಿಸತೊಡಗಿತು. ಆ ದನಿಗಳು ಏನೇ ತಪ್ಪು ಹೊರಿಸಿದರೂ ಹೂಂ ಎನ್ನುವುದನ್ನು ರೂಢಿ ಮಾಡಿಕೊಂಡ. "ಇಲ್ಲ ಅಂದ್ರೆ ಇನ್ನೂ ಜೋರಾಗಿ ಬೈತಾರಕ್ಕ. ಹೂಂ ಅಂದ್ರೆ ಸುಮ್ನಾಗ್ತಾರೆ," ಅಂದಿದ್ದನಂತೆ. ಮಾತ್ರೆ ನುಂಗಿದಷ್ಟು ದಿನ ನೆಟ್ಟಗಿದ್ದ. ಬಿಟ್ಟ ಮೇಲೆ ಮತ್ತೆ ಅದೇ ರಾಗ.

ಒಂದು ರಜೆಯ ದಿನ, ಮುಚ್ಚಿದ ಚಪ್ಪಲಿ ಅಂಗಡಿಯೊಳಗೆ ಯಾರೋ ಸಿಕ್ಕಿಹಾಕಿಕೊಂಡು ಕೂಗುತ್ತಿದ್ದಾರೆ ಅನ್ನಿಸಿತು ಅವನಿಗೆ. ಹಾಡಹಗಲೇ ಬೀಗ ತೆಗೆದು ಒಳಗೆ ಹೋದ. ಯಾರೂ ಇರಲಿಲ್ಲ. ಬೀಗ ಬಿಗಿಯಾಗಿದೆ ಎಂದು ಅಲ್ಲೇ ಕೂತು ಅದಕ್ಕೆ ಎಣ್ಣೆ ಬಿಡುತ್ತಿದ್ದಾಗ ಪೊಲೀಸರು ಹಿಡಿದರು. ಕದಿಯೋಕೆ ಬಂದೆಯಾ ಎಂದರೆ ಹೂಂ. ಔಷಧಿ ಅಂಗಡಿಗೆ ಕನ್ನ ಹಾಕಿದ್ದೂ ನೀನೇನಾ ಎಂದರೆ ಅದಕ್ಕೂ ಹೂಂ. ಪೊಲೀಸರಿಗೆ ಹುಡುಕುವ ಬಳ್ಳಿ ಕಾಲಿಗೆ ತೊಡರಿದ ಹಾಗಾಯಿತು. ಪತ್ತೆಯಾಗದ ಕಳ್ಳತನಗಳೆಲ್ಲ ಅವನ ತಲೆಗೆ ಬಂದವು.

ಅಕ್ಕ ಪರಿಚಯದ ವಕೀಲರೊಬ್ಬರನ್ನು ಹಿಡಿದಳು. ಕೆಟ್ಟವರಲ್ಲ, ಅವಸರದವರು. ತಪ್ಪು ಒಪ್ಪಿಕೊಂಡುಬಿಡಲಿ, ಕೆಲವೇ ತಿಂಗಳಲ್ಲಿ ಹೊರಗೆ ಬರುತ್ತಾನೆ ಎಂದರು. ಅಕ್ಕ ಒಪ್ಪಲಿಲ್ಲ. ಕಳ್ಳ ಅನ್ನಿಸಿಕೊಂಡು, ಮದ್ದಿಲ್ಲದೆ ಹೊರಗೆ ಬಂದವನು ಮತ್ತೆ ಯಾವುದೋ ಬೀಗ ತೆಗೆಯುತ್ತಾನೆ, ಮತ್ತೆ ಜೈಲಿಗೆ ಹೋಗುತ್ತಾನೆ. ಅವನಿಗೆ ಡಾಕ್ಟರು ಸಿಗುವವರೆಗೆ ತಾನು ಬಿಡುವುದಿಲ್ಲ ಎಂದಳು. ವಕೀಲರ ಮಾತೇ ಸರಿ ಎಂದು ನಾನೂ ಬಾಯಿ ಹಾಕಿದೆ. ಆ ವಾರವೆಲ್ಲ ನನ್ನ ಜೊತೆ ಮಾತಿಲ್ಲ.

ಆದರೂ ಕೋರ್ಟಿಗೆ ನಾನೂ ಹೋದೆ. ನ್ಯಾಯಾಧೀಶರು ಒಂದೊಂದೇ ಆರೋಪ ಓದಿ ಕೇಳಿದರು, ತಮ್ಮ ಒಂದೊಂದಕ್ಕೂ ಹೂಂ ಎಂದ. ಇವನಿಗೆ ಮನಸ್ಸು ಸರಿಯಿಲ್ಲ ಎಂದರು ವಕೀಲರು. ನಾಟಕ ಎಂದರು ಇನ್ಸ್‌ಪೆಕ್ಟರು. ಅಕ್ಕ ಎದ್ದು ಕೈಮುಗಿದು, ತಾನೂ ಅವನನ್ನು ಕೇಳಬಹುದಾ ಎಂದಳು. ನ್ಯಾಯಾಧೀಶರು ತಲೆಯಾಡಿಸಿದರು.

"ಈ ಕೋರ್ಟಿನ ಛಾವಣಿ ಕದ್ದಿದ್ದೂ ನೀನೇನಾ?"

"ಹೂಂ."

ಛಾವಣಿ ಎಲ್ಲರ ತಲೆಯ ಮೇಲೇ ಇತ್ತು. ಜನ ನಕ್ಕರು. ನೋಡಿ, ತಮಾಷೆ ಮಾಡ್ತಿದ್ದಾನೆ ಎಂದು ಇನ್ಸ್‌ಪೆಕ್ಟರೂ ನಕ್ಕರು. ಅಕ್ಕ ಮುಂದಿನ ಬೆಂಚನ್ನು ಗಟ್ಟಿಯಾಗಿ ಹಿಡಿದುಕೊಂಡಳು.

"ಅಮ್ಮನ್ನ ಕೊಂದಿದ್ದೂ ನೀನೇನಾ?"

"ಹೂಂ ಅಕ್ಕ," ಎಂದವನೇ ಮುಖ ಮುಚ್ಚಿಕೊಂಡು ಬಿಕ್ಕಿ ಬಿಕ್ಕಿ ಅತ್ತ.

"ಜ್ವರ ಬಂದು ನನ್ನ ತೊಡೆ ಮೇಲೆ ಪ್ರಾಣ ಬಿಟ್ಟಳು ಸ್ವಾಮಿ. ಇವನು ಆಗ ಊರಲ್ಲೇ ಇರಲಿಲ್ಲ," ಎಂದಳು ಅಕ್ಕ.

ಆಮೇಲೆ ಯಾರೂ ನಗಲಿಲ್ಲ. ಈ ತಪ್ಪೊಪ್ಪಿಗೆ ನಡೆಯುವುದಿಲ್ಲ, ಇವನನ್ನು ಮಾನಸಿಕ ಆಸ್ಪತ್ರೆಗೆ ಸೇರಿಸಿ, ವೈದ್ಯರ ವರದಿ ಬರುವವರೆಗೆ ಕೇಸು ನಿಲ್ಲಲಿ ಎಂದು ನ್ಯಾಯಾಧೀಶರು ಆದೇಶಿಸಿದರು. ಹೊರಗೆ ಬಂದ ಅಕ್ಕ ಗೋಡೆಗೆ ಒರಗಿ ಅತ್ತಳು. ಗೆದ್ದೆಯಲ್ಲೇ ಎಂದೆ. ಹೆತ್ತವಳನ್ನ ಕೊಂದೆ ಅಂತ ಅವನ ಬಾಯಲ್ಲೇ ಹೇಳಿಸಿದೆನಲ್ಲ ಎಂದಳು.

ಅಲ್ಲಿಂದ ಪ್ರತಿ ಭಾನುವಾರ ಆಸ್ಪತ್ರೆ. ಮದ್ದು ಹಿಡಿಯಲು ತಿಂಗಳುಗಳೇ ಬೇಕಾದವು. ಚೆನ್ನಾಗಿದ್ದೀಯಾ ಎಂದರೂ ಹೂಂ, ಹೊಟ್ಟೆ ಹಸಿದಿದೆಯಾ ಎಂದರೂ ಹೂಂ. ಕೇಸು ಇನ್ನೂ ಮುಗಿದಿಲ್ಲ, ಅಕ್ಕ ಒಂದು ವಾಯಿದೆಯನ್ನೂ ತಪ್ಪಿಸಿಲ್ಲ. ಮೊನ್ನೆ ಜಾಮೀನು ಸಿಕ್ಕಿತು. ಬೇಕಾದರೆ ಕರೆದುಕೊಂಡು ಹೋಗಿ ಎಂದರು ಡಾಕ್ಟರು. ಅಕ್ಕ ಅವನ ಅಂಗಿಗೆ ಇಸ್ತ್ರಿ ಹಾಕಿ ಚೀಲದಲ್ಲಿಟ್ಟುಕೊಂಡು ನನ್ನನ್ನೂ ಎಳೆದುಕೊಂಡು ಹೋದಳು.

"ಮನೆಗೆ ಹೋಗೋಣವಾ?" ಎಂದು ಕೇಳಿದಳು.

ಅವನು ಅವಳ ಮುಖ ನೋಡಿದ. "ಇಲ್ಲಕ್ಕ. ಒಂದೊಂದ್ಸಲ ಇನ್ನೂ ಕೇಳಿಸುತ್ತೆ. ಅದು ಹೋಗ್ಲಿ, ಆಮೇಲೆ ಬರ್ತೀನಿ."

ಅಂಗಿ ಚೀಲದಲ್ಲೇ ವಾಪಸು ಬಂತು. ಬಸ್ಸಿನಲ್ಲಿ ಅಕ್ಕ ದಾರಿಯುದ್ದಕ್ಕೂ ನನ್ನ ಕೈ ಬಿಡಲಿಲ್ಲ.

"ಇಲ್ಲ ಅಂದ ಕಣೇ," ಎಂದಳು. "ನನಗೇ ಇಲ್ಲ ಅಂದ."