ಲಿಸ್ಬನ್ನಿನ ಅರ್ಧ ಹಸಿರು ಬಾಗಿಲು

ಬಾಯಿಗೆ ಬಂದದ್ದು ಆಡಬೇಡಿ, ಅಶ್ವಿನಿ ದೇವತೆಗಳು ಅಸ್ತು ಅಂದುಬಿಟ್ಟಾರು ಎಂದು ನಮ್ಮ ಶಾಲೆಯ ಹಿರಿಯ ಅಧ್ಯಾಪಕರೊಬ್ಬರು ಹೇಳುವಾಗ ನಾನು ಮುಖ ತಿರುಗಿಸಿ ನಗುತ್ತಿದ್ದೆ. ಮಾತಿಗೆ ಅಷ್ಟು ಶಕ್ತಿ ಇದ್ದರೆ ನನ್ನ ವಿದ್ಯಾರ್ಥಿಗಳೆಲ್ಲ ಎಂದೋ ಕತ್ತೆಗಳಾಗಬೇಕಿತ್ತು ಎಂಬುದು ನನ್ನ ವಾದ. ಭಾನುವಾರದ ಪೂಜೆಗೆ ಇಗರ್ಜಿಗೆ ತಪ್ಪದೆ ಹೋಗುತ್ತಿದ್ದೆ, ಅದು ಬೇರೆ. ಉಳಿದ ಯಾವುದನ್ನೂ ನಂಬುವ ಜಾಯಮಾನ ನನ್ನದಲ್ಲ. ಈಗ ಬರೆಯುತ್ತಿರುವುದನ್ನು ನೀವು ನಂಬಲೇಬೇಕೆಂದು ನಾನು ಹೇಳುವುದಿಲ್ಲ.

ಐವತ್ತರ ದಶಕದ ಆರಂಭದ ಮಾತು. ಸಂತೆಕಟ್ಟೆಯ ಹತ್ತಿರದ ನಮ್ಮ ಮನೆಯಲ್ಲಿ ಅಮ್ಮ ಮತ್ತು ನಾನು ಇಬ್ಬರೇ. ನಾನು ಉಡುಪಿಯ ಶಾಲೆಯಲ್ಲಿ ಅಧ್ಯಾಪಕ, ಅಣ್ಣ ಹಡಗಿನಲ್ಲಿ ಅಡುಗೆಯವನು. ಅಮ್ಮನಿಗೆ ಓದು ಬರುತ್ತಿರಲಿಲ್ಲ. ಅಣ್ಣನ ಕಾಗದ ಬಂದ ದಿನ ಸಂಜೆಯ ಪ್ರಾರ್ಥನೆ ಮುಗಿದ ಮೇಲೆ ನಾನು ಅದನ್ನು ಓದಿ ಹೇಳಬೇಕು. ಅವನು ಲಿಸ್ಬನ್ ನಗರದ ಬಗ್ಗೆ ಬರೆದದ್ದೇ ಹೆಚ್ಚು. ಗುಡ್ಡ ಹತ್ತುವ ಟ್ರಾಂ, ನದಿಯ ದಡದ ದೊಡ್ಡ ಚೌಕ, ಮೆಟ್ಟಿಲುಗಳೇ ದಾರಿಯಾಗಿರುವ ಹಳೆಯ ಓಣಿಗಳು. ಜೂನ್ ತಿಂಗಳಲ್ಲಿ ಸಂತ ಅಂತೋನಿಯವರ ಹಬ್ಬದ ಮುನ್ನಾದಿನ ಆ ಓಣಿಗಳಲ್ಲಿ ಬೂತಾಯಿ ಮೀನನ್ನು ಕೆಂಡದ ಮೇಲೆ ಸುಟ್ಟು ಬ್ರೆಡ್ಡಿನ ಮೇಲಿಟ್ಟು ಕೊಡುತ್ತಾರಂತೆ. ಮನಸ್ಸಿಗೆ ಪ್ರಿಯರಾದವರಿಗೆ ತುಳಸಿಯಂಥ ಗಿಡದ ಕುಂಡವೊಂದನ್ನು ಕೊಡುವುದು ಅಲ್ಲಿನ ವಾಡಿಕೆ. ಆ ಗಿಡಕ್ಕೆ ಮೂಗು ತಾಗಿಸಬಾರದು. ಅಂಗೈಯಿಂದ ಸವರಿ ಕೈಯನ್ನು ಮೂಸಬೇಕು, ಇಲ್ಲದಿದ್ದರೆ ಬಾಡುತ್ತದಂತೆ. “ಬೂತಾಯಿ ತಿನ್ನಲಿಕ್ಕೆ ಅಷ್ಟು ದೂರ ಹೋಗಬೇಕಿತ್ತಾ ಅವನಿಗೆ?” ಎಂದು ಅಮ್ಮ ನಕ್ಕಿದ್ದರು. ಕಾಗದ ಮುಗಿದ ಕೂಡಲೇ ಅವರು ಕಡಲಿನ ಕಡೆಗೆ ತಿರುಗಿ, ಬಲಗೈ ಎತ್ತಿ, ಮಗನಿಗೆ ಆಶೀರ್ವಾದ ಮಾಡುತ್ತಿದ್ದರು.

ಮರುವರ್ಷ ನಾಲ್ಕು ತಿಂಗಳು ಕಾಗದವೇ ಬರಲಿಲ್ಲ. ಅವನು ಆಗ ಜ್ವರದಲ್ಲಿ ಮಲಗಿದ್ದನೆಂದು ಆಮೇಲೆ ತಿಳಿಯಿತು. ಮೇ ತಿಂಗಳ ಹೊತ್ತಿಗೆ ಅಮ್ಮ ಬಟ್ಟಲಿನ ಗಂಜಿಯನ್ನು ಮುಟ್ಟದೆ ಎದ್ದುಹೋಗತೊಡಗಿದರು. ನನಗೆ ಹೆದರಿಕೆಯಾಯಿತು. ಹಳೆಯ ಲಕೋಟೆಯೊಂದರೊಳಗೆ ನಾನೇ ಬರೆದ ಎರಡು ಹಾಳೆ ತುರುಕಿ, ಅಣ್ಣನ ಕಾಗದ ಬಂತು ಎಂದೆ.

ಸುಳ್ಳು ಹೇಳಿ ಅಭ್ಯಾಸವಿಲ್ಲದವನ ಸುಳ್ಳಿನಲ್ಲಿ ವಿವರ ಹೆಚ್ಚು. ಅಣ್ಣ ಲಿಸ್ಬನ್ನಿನ ಒಂದು ಮೆಟ್ಟಿಲ ಓಣಿ ಹತ್ತುತ್ತಾನೆ. ಅಲ್ಲೊಂದು ಮನೆಯ ಬಾಗಿಲಿಗೆ ಕೆಳಗಿನ ಅರ್ಧಕ್ಕೆ ಮಾತ್ರ ಹಸಿರು ಬಣ್ಣ, ಮೇಲೆ ಬರೀ ಮರ. ಹೊಸ್ತಿಲ ಪಕ್ಕದಲ್ಲಿ ನಮ್ಮ ಮನೆಯದರಂಥ, ಮಸಾಲೆ ಕಡೆಯುವ ಕಲ್ಲು. ಅದು ಅಮ್ಮನಿಗೆ ಹಿಡಿಸೀತೆಂದು ಸೇರಿಸಿದ್ದು. ಎಡಗೈಯಲ್ಲಿ ಎರಡು ಬೆರಳಿಲ್ಲದ ಮುದುಕಿಯೊಬ್ಬಳು, ಸೊಪ್ಪು ಬಟಾಟೆಯ ಸಾರು ಮಾಡಿದ್ದೇನೆ, ಉಂಡು ಹೋಗು ಎನ್ನುತ್ತಾಳೆ. ಅಣ್ಣ ಒಳಗೆ ಹೋಗುತ್ತಾನೆ. ಅಷ್ಟರಲ್ಲಿ ಹಾಳೆ ಮುಗಿದಿತ್ತು, ನಾನು ಅಲ್ಲಿಗೇ ನಿಲ್ಲಿಸಿದ್ದೆ.

ಅಮ್ಮ ಪೂರ್ತಿ ಕೇಳಿದರು. ಅಂದು ಗಂಜಿಯನ್ನೂ ಉಂಡರು. ಆದರೆ ಕೈ ಮಾತ್ರ ಎತ್ತಲಿಲ್ಲ. ವಯಸ್ಸಾಯಿತು, ಮರೆತಿರಬೇಕು ಎಂದುಕೊಂಡೆ.

ಸೆಪ್ಟೆಂಬರಿನಲ್ಲಿ, ಅಣ್ಣನ ಜೊತೆ ಕೆಲಸ ಮಾಡುತ್ತಿದ್ದ ಕಾಪುವಿನವರೊಬ್ಬರು ಅವನ ಟ್ರಂಕನ್ನು ಬಸ್ಸಿನಲ್ಲಿ ಹಾಕಿಕೊಂಡು ನಮ್ಮಲ್ಲಿಗೆ ಬಂದರು. ಟ್ರಂಕು ನೋಡಿಯೇ ಅಮ್ಮ ಗೋಡೆಗೆ ಒರಗಿ ಕುಳಿತರು. ಬಂದವರು ಟ್ರಂಕನ್ನು ಕೆಳಗಿಳಿಸಿ ನನ್ನ ಕಡೆಗೆ ತಿರುಗಿದರು.

“ಹೇಗೆ ಹೇಳುವುದು ಅಂತ ಗೊತ್ತಾಗುವುದಿಲ್ಲ ಮಾಸ್ಟ್ರೇ,” ಎಂದರು. “ಜೂನಿನಲ್ಲಿ ಲಿಸ್ಬನ್ನಿಗೆ ಹಡಗು ಬಂದಾಗ ನಾವು ಇಬ್ಬರೂ ಒಟ್ಟಿಗೇ ಇಳಿದದ್ದು. ಹಬ್ಬದ ಗೌಜಿ, ಮೀನೆಲ್ಲ ತಿಂದೆವು. ಮೇಲೆ ಒಂದು ಓಣಿಯಲ್ಲಿ ಬಾಗಿಲ ಹತ್ತಿರ ಅಜ್ಜಿ ಒಬ್ಬಳು ಕರೆದಳು. ಅರ್ಧ ಪೇಂಟ್ ಮಾಡಿದ ಬಾಗಿಲು. ಅಲ್ಲಿ ನಮ್ಮ ಊರಿನ ಹಾಗೆ ಕಡೆಯುವ ಕಲ್ಲು ಉಂಟು, ಅದನ್ನು ನೋಡಿ ಇವನಿಗೆ ಖುಷಿಯೋ ಖುಷಿ. ಉಂಡು ಬರ್ತೇನೆ, ಇಲ್ಲೇ ನಿಲ್ಲು ಅಂತ ಒಳಗೆ ಹೋದ.”

ಇವರು ಕತ್ತಲಾಗುವವರೆಗೂ ಕಾದರಂತೆ. ಬಾಗಿಲು ತೆರೆಯಲಿಲ್ಲ. ಮರುದಿನ ಪೊಲೀಸರನ್ನು ಕರೆದುಕೊಂಡು ಹೋದರೆ ಓಣಿ ಸಿಕ್ಕಿತು, ಅಂಥ ಬಾಗಿಲು ಮಾತ್ರ ಎಲ್ಲಿಯೂ ಸಿಗಲಿಲ್ಲ. ಅಣ್ಣನಿಲ್ಲದೆಯೇ ಹಡಗು ಹೊರಟಿತು.

ಅಜ್ಜಿಯ ಕೈ ನೋಡಿದ್ದೀರಾ ಎಂದು ಕೇಳಿದೆ. ಕೇಳಬಾರದಿತ್ತು. ಎಡಗೈಯಲ್ಲೇ ಕರೆದಳು, ಎರಡು ಬೆರಳು ಇರಲಿಲ್ಲ ಎಂದರು. ನಾನು ಬರೆದ ಹಾಳೆಗಳು ಆಗಲೂ ಅಮ್ಮನ ಪೆಟ್ಟಿಗೆಯಲ್ಲೇ ಇದ್ದವು, ಮನೆಯಿಂದ ಹೊರಗೆ ಹೋಗಿರಲಿಲ್ಲ.

ಅವರು ಹೋದ ಮೇಲೆ ಅಮ್ಮ ಅಳಲಿಲ್ಲ. ನನ್ನ ಶಾಲೆಯ ಚೀಲದಿಂದ ಕಾಗದ, ಪೆನ್ನು ತೆಗೆದು ನನ್ನ ಮುಂದಿಟ್ಟರು.

“ಆ ಕಾಗದ ನಿನ್ನದು ಅಂತ ನನಗೆ ಆವತ್ತೇ ಗೊತ್ತಾಗಿತ್ತು ಪುತಾ. ಬೆಸಾಂವ್ ಕೇಳದೆ ಅವನು ಒಂದು ಕಾಗದವನ್ನೂ ಮುಗಿಸಿದವನಲ್ಲ. ನೀನು ಅಷ್ಟು ಕಷ್ಟಪಟ್ಟು ಬರೆದದ್ದಲ್ವಾ, ಅದಕ್ಕೆ ಉಂಡೆ.”

ಬೆಸಾಂವ್ ಎಂದರೆ ಹಿರಿಯರ ಆಶೀರ್ವಾದ. ನಮ್ಮಲ್ಲಿ ಮಕ್ಕಳು ಅದನ್ನು ಬಾಯಿಬಿಟ್ಟು ಕೇಳಬೇಕು, ಕೇಳಿದ ಮೇಲೆಯೇ ಹಿರಿಯರು ಕೊಡುವುದು. ಮನೆಯಲ್ಲೇ ಇದ್ದು ದಿನಾ ಸಂಜೆ ಕೇಳುವ ನನಗೆ ಅದನ್ನು ಬರೆಯಬೇಕೆಂದು ಹೊಳೆದಿರಲಿಲ್ಲ. ನನ್ನ ಕಾಗದದ ಅಣ್ಣ ತಾಯಿಯ ಆಶೀರ್ವಾದವಿಲ್ಲದೆ ಆ ಮನೆಯೊಳಗೆ ಹೋಗಿದ್ದ.

“ಒಳಗೆ ಕಳಿಸಿದ್ದು ನೀನು,” ಎಂದರು ಅಮ್ಮ. “ಈಗ ಹೊರಗೆ ಬಂದ ಹಾಗೆ ಬರೆ.” ಗದರಿಸಲಿಲ್ಲ, ಬೇಡಿಕೊಂಡರು. ಅದನ್ನು ನನಗೆ ತಡೆದುಕೊಳ್ಳಲಾಗಲಿಲ್ಲ.

ಬರೆದೆ. ಅಣ್ಣ ಉಂಡು ಎದ್ದ, ಕೈ ತೊಳೆದ, ಮೆಟ್ಟಿಲು ಇಳಿದು ಹಡಗಿಗೆ ಬಂದ ಎಂದು ಬರೆದೆ. ಕೊನೆಗೆ ಅವನಿಂದ ಬೆಸಾಂವ್ ಕೇಳಿಸಿದೆ. ಅಮ್ಮ ಕೈ ಎತ್ತಿದರು. ಅವನು ಬರಲಿಲ್ಲ. ಅವನನ್ನು ಊಟದಿಂದ ಎಬ್ಬಿಸಿ ಹೊರಗೆ ತರುವ ಅಂಥ ಕಾಗದಗಳನ್ನು ಹತ್ತು ವರ್ಷಕ್ಕೂ ಮಿಕ್ಕಿ ಬರೆದು ಓದಿದ್ದೇನೆ. ಹಡಗಿನವರು ಹಾಗೆ ಬೇರೆ ಊರಿನಲ್ಲಿ ಉಳಿದುಬಿಡುವುದುಂಟು ಎಂದು ಜನ ಸಮಾಧಾನ ಹೇಳುತ್ತಾರೆ, ಇರಬಹುದು. ಆದರೆ ಮನಸ್ಸಿಗೆ ತೋಚಿದಂತೆ ಗೀಚಿದ ಒಂದು ಕಾಗದ ನಿಜವಾಗಿ ನಡೆದುಹೋಗಿ, ದೇವರನ್ನು ಬೇಡಿಕೊಂಡು ಬರೆದ ಅಷ್ಟೂ ಕಾಗದಗಳು ಯಾಕೆ ಸುಳ್ಳಾದವು ಎಂಬುದು ನನಗೆ ಇಂದಿಗೂ ತಿಳಿದಿಲ್ಲ.

ಅರವತ್ತರ ದಶಕದ ಮಧ್ಯದಲ್ಲಿ ಅಮ್ಮ ಹಾಸಿಗೆ ಹಿಡಿದರು. ಕೊನೆಯ ವಾರ ನಾನು ಹಾಳೆ ಹಿಡಿದು ಪಕ್ಕದಲ್ಲಿ ಕುಳಿತಾಗ ಅದನ್ನು ಮೆಲ್ಲನೆ ಆಚೆಗೆ ಸರಿಸಿದರು.

“ಇನ್ನು ಬರೆಯಬೇಡ ಪುತಾ,” ಎಂದರು. “ಅವನು ಉಣ್ಣಲಿ.”